ನಾಲ್ಕೂವರೆ ಆದ ಮೇಲೆ ಬಾ

ಅಣ್ಣನ ಕೋಣೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಕೂಡಲೇ ತಮ್ಮ ಜಾರಿದ. ಎರಡು ಅಂಗೈಯೂ ನೆಲಕ್ಕೂರಿ ಮಂಡಿಯ ಮೇಲೆ ಬಿದ್ದ. ಯಾರೋ ಎಣ್ಣೆ ಚೆಲ್ಲಿದ್ದಾರೆ ಅಂದುಕೊಂಡ. ಕೈಯೆತ್ತಿ ನೋಡಿದ. ಅಂಗೈಗೆ ಕೆಂಪು ಹೆಪ್ಪು ಅಂಟಿತ್ತು.

ಮೇಜಿಗೂ ಬೀರುವಿಗೂ ನಡುವೆ ಅಣ್ಣ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ಒಂದು ಕಣ್ಣು ಇತ್ತು, ಇನ್ನೊಂದು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಬಿಚ್ಚುವ ಕಬ್ಬಿಣದ ಸಲಾಕೆ.

ತಮ್ಮ ಕಿರುಚಿದ. ಕೆಳಗೆ ಗಾಜು ಉಜ್ಜುವ ಐದು ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಯಾರಿಗೂ ಕೇಳಲಿಲ್ಲ. ಅವನು ಮೆಟ್ಟಿಲಿಳಿದು ಕೆಲಸಗಾರರ ಮಧ್ಯೆ ಬಂದು ನಿಂತಾಗ ಗಂಟೆ ನಾಲ್ಕು ಮೂವತ್ತೈದು. ಯಂತ್ರಗಳು ಒಂದೊಂದಾಗಿ ನಿಂತವು.

ಇನ್ಸ್‌ಪೆಕ್ಟರ್ ಐದಕ್ಕೆ ಮುಂಚೆ ಬಂದಳು. ನಲವತ್ತರ ಹೆಂಗಸು, ಮಾತು ಕಡಿಮೆ. ಜೊತೆಗೆ ದಫೇದಾರ. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಅವನಿಗೆ ಮಾತೇ ಉಸಿರು.

"ಅಬ್ಬಾ! ಇದು ಸಿಟ್ಟಲ್ಲ ಮೇಡಂ, ಹುಚ್ಚು," ಅಂದ ದಫೇದಾರ, ಮೂಗಿಗೆ ಕರವಸ್ತ್ರ ಹಿಡಿದು.

ಅವಳು ತಲೆಯೆತ್ತಿದಳು. ಗೋಡೆ ನೋಡಿದಳು. ಸೂರಿನವರೆಗೆ ರಕ್ತದ ಹನಿ ಚಿಮ್ಮಿತ್ತು. ನೆಲ ನೋಡಿದಳು. ರಕ್ತದ ಅಂಚು ಒಣಗಿ ಕಪ್ಪಾಗಿತ್ತು. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಆಮೇಲೆ ಸತ್ತವನ ಬಲಗೈ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು. ಏಟು ತಡೆಯಲು ಹೋಗಿ ಕೈ ಜಜ್ಜಿಹೋಗಿತ್ತು. ಎರಡು ಬೆರಳು ಹಿಂದಕ್ಕೆ ಮಡಚಿದ್ದವು. ಇಡೀ ಕೈ ರಕ್ತ. ಹೆಬ್ಬೆರಳು ಮಾತ್ರ ಸ್ವಚ್ಛ.

"ಇದನ್ನ ಯಾರೋ ಒರೆಸಿದ್ದಾರೆ," ಅಂದಳು.

"ಯಾರು ಒರೆಸ್ತಾರೆ ಮೇಡಂ? ಯಾಕೆ?"

"ಅದೇ ಗೊತ್ತಾಗಬೇಕು."

ಮೇಜಿನ ಮೇಲೆ ಸತ್ತವನ ಫೋನು ಮಗುಚಿ ಇಟ್ಟಿತ್ತು. ಅದಕ್ಕೂ ಒಂದು ಹನಿ ಹಾರಿರಲಿಲ್ಲ.

* * *

ತಮ್ಮ ಮೆಟ್ಟಿಲ ಬುಡದಲ್ಲಿ ಕೂತಿದ್ದ. ಊರಿನ ಆ ತುದಿಯಲ್ಲಿದ್ದ ಮಾರಾಟದ ಅಂಗಡಿ ಅವನದು. ಕಾರ್ಖಾನೆ ಅಣ್ಣನದು.

"ಅವನೇ ಬಾ ಅಂದಿದ್ದ," ಅಂತ ಫೋನು ತೋರಿಸಿದ.

ಮೂರು ಗಂಟೆಗೆ ತಮ್ಮ ಕಳಿಸಿದ ಸಂದೇಶ: *ಆ ವಿಷಯ ಇವತ್ತೇ ಮುಗಿಸಬೇಕು. ಎಷ್ಟು ಹೊತ್ತಿಗೆ ಬರಲಿ?*

ಮೂರೂ ನಲವತ್ತಕ್ಕೆ ಅಣ್ಣನಿಂದ ಉತ್ತರ: *ಈಗ ರಾಹುಕಾಲ. ನಾಲ್ಕೂವರೆ ಆದ ಮೇಲೆ ಬಾ.*

"ಯಾವ ವಿಷಯ?"

"ಮನೆ ವಿಷಯ," ಅಂದ ತಮ್ಮ.

ದಫೇದಾರ ಅವಳನ್ನು ಪಕ್ಕಕ್ಕೆ ಕರೆದ. "ಮೂರೂ ನಲವತ್ತರಲ್ಲಿ ಮನುಷ್ಯ ಬದುಕಿದ್ದ. ನಾಲ್ಕೂ ಮೂವತ್ತೈದರಲ್ಲಿ ಹೆಣ. ಅಷ್ಟರಲ್ಲಿ ಮೆಟ್ಟಿಲು ಹತ್ತಿದವನು ಇವನೊಬ್ಬನೇ. ಕೈತುಂಬ ರಕ್ತ. ಇನ್ನೇನು ಬೇಕು ಮೇಡಂ?"

"ಅಂಗಿ ನೋಡಿದ್ರಾ?"

"ರಕ್ತ ಆಗಿದೆಯಲ್ಲ."

"ಮೆತ್ತಿದೆ. ಚಿಮ್ಮಿಲ್ಲ. ಸೂರಿಗೆ ಹಾರಿದ ರಕ್ತ ಹೊಡೆದವನ ಮುಖಕ್ಕೆ ಹಾರಲ್ವಾ?"

ದಫೇದಾರ ತಲೆ ಕೆರೆದುಕೊಂಡ. ಆದರೂ ತಮ್ಮನನ್ನು ಜೀಪಿಗೆ ಹತ್ತಿಸಿದರು.

* * *

ಕಾರ್ಖಾನೆಯಲ್ಲಿ ಗಾಜು ಕೊಯ್ಯುವ ಹಿರಿಯನನ್ನು ಎಲ್ಲರೂ ವಜ್ರದಣ್ಣ ಅನ್ನುತ್ತಿದ್ದರು. ತುದಿಗೆ ವಜ್ರದ ಚೂರು ಕೂರಿಸಿದ ಕೊಯ್ಯುವ ಕಡ್ಡಿ ಸದಾ ಅವನ ಕಿವಿಯ ಮೇಲೆ. ಒಳಮೆಟ್ಟಿಲಿನ ಎದುರಿಗೇ ಅವನ ಮೇಜು.

"ಮಧ್ಯಾಹ್ನದಿಂದ ಈ ಮೆಟ್ಟಿಲು ಹತ್ತಿದೋರು ಚಿಕ್ಕ ಯಜಮಾನರು ಒಬ್ರೇ," ಅಂದ. "ಹಿಂದುಗಡೆ ಸರಕು ಇಳಿಸೋ ಕಡೆ ಇನ್ನೊಂದು ಕಬ್ಬಿಣದ ಮೆಟ್ಟಿಲಿದೆ. ಅದು ನಂಗೆ ಕಾಣಲ್ಲ."

"ಅಣ್ಣ ತಮ್ಮಂದಿರಿಗೆ ಏನು ಜಗಳ?"

ವಜ್ರದಣ್ಣ ಕೈಯಲ್ಲಿದ್ದ ಅಳತೆಪಟ್ಟಿ ಕೆಳಗಿಟ್ಟ. "ಎರಡು ವರ್ಷದ ಹಿಂದೆ ಇಲ್ಲೊಂದು ಹೆಣ್ಣುಮಗಳು ಸತ್ತಳು ತಾಯಿ. ಅಂಚು ಉಜ್ಜೋ ಕೆಲಸದೋಳು. ಆಳೆತ್ತರದ ಗಾಜು ಜಾರಿ ತೋಳಿನ ಒಳಗಡೆ ಕಂಕುಳವರೆಗೆ ಸೀಳಿಬಿಡ್ತು. ನಲ್ಲಿ ಬಿಟ್ಟ ಹಾಗೆ ರಕ್ತ. ಬಟ್ಟೆ ಸುತ್ತಿದ್ವಿ, ವ್ಯಾನಿಗೆ ಮಲಗಿಸಿದ್ವಿ. ಮೂರೂ ಹತ್ತು. ಆಸ್ಪತ್ರೆ ಹನ್ನೆರಡು ನಿಮಿಷದ ದಾರಿ."

"ಮತ್ತೆ?"

"ಇವತ್ತಿನ ಹಾಗೇ ಮಂಗಳವಾರ. ಮೂರರಿಂದ ನಾಲ್ಕೂವರೆ ರಾಹುಕಾಲ. ಆಗೆಲ್ಲ ಯಜಮಾನರು ಆ ಹೊತ್ತಲ್ಲಿ ಯಾರನ್ನೂ ಹೊರಡೋಕೆ ಬಿಡ್ತಿರ್ಲಿಲ್ಲ. ವ್ಯಾನಿಗೆ ಅಡ್ಡ ನಿಂತ್ರು. ಈಗ ಹೊರಟ್ರೆ ದಾರೀಲೇ ಹೋಗ್ತಾಳೆ, ಕಟ್ಟು ಬಿಗಿಯಾಗಿದೆ, ಸ್ವಲ್ಪ ತಾಳಿ ಅಂದ್ರು. ಆಂಬುಲೆನ್ಸಿಗೂ ಬೇಡ ಅಂದ್ರು. ತಾಳಿದ್ವಿ." ಕಿವಿಯ ಮೇಲಿನ ಕಡ್ಡಿ ತೆಗೆದು ಮೇಜಿನ ಮೇಲಿಟ್ಟ. "ನಾನೂ ತಾಳಿದೆ."

"ಪೊಲೀಸರಿಗೆ ಯಾರೂ ಹೇಳ್ಲಿಲ್ವಾ?"

"ವ್ಯಾನ್ ಕೆಟ್ಟಿತ್ತು ಅಂತ ಹೇಳಿಸಿದ್ರು. ಚಿಕ್ಕ ಯಜಮಾನರ ಬುದ್ಧಿ ಅದು. ವ್ಯಾನಿಗೆ ಏನೂ ಆಗಿರ್ಲಿಲ್ಲ."

"ಯಜಮಾನರು ಆಮೇಲೂ ರಾಹುಕಾಲ ನೋಡ್ತಿದ್ರಾ?"

"ನಮಗೆ ಆ ಕಟ್ಟಳೆ ಇಲ್ಲ ಅಂದ್ಬಿಟ್ರು. ತಾವು ಮಾತ್ರ ದಿನಾ ಬಾಗಿಲು ಹಾಕ್ಕೊಂಡು ಕೂರ್ತಿದ್ರು. ಅದೂ ಒಂದೊಂದು ಕಾಲಕ್ಕೆ ಒಂದೊಂದು ಹೊತ್ತು. ನಾವು ಕೇಳೋಕೆ ಹೋಗ್ಲಿಲ್ಲ."

* * *

ಠಾಣೆಯಲ್ಲಿ ದಫೇದಾರ ತಮ್ಮನ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಇನ್ನೊಂದು ಏಟಿಗೆ ಕೈ ಎತ್ತಿದಾಗ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದಳು.

"ದಫೇದಾರ್ರೇ, ಹೊರಗೆ ನಡೀರಿ."

ಅವಳು ಕುರ್ಚಿ ಎಳೆದು ಕೂತಳು. ತಮ್ಮನ ಮುಂದೆ ನೀರಿನ ಲೋಟ ತಳ್ಳಿದಳು.

"ಆ ಹೆಂಗಸಿನ ವಿಷಯ ಗೊತ್ತಾಯ್ತು. ಮಿಕ್ಕಿದ್ದು ನೀವೇ ಹೇಳಿ."

ತಮ್ಮ ಅತ್ತ. "ಅಣ್ಣ ನಿಮ್ಮ ಹತ್ರ ಬಂದು ಎಲ್ಲ ಒಪ್ಕೊಳ್ತೀನಿ ಅಂತ ಹಟ ಹಿಡಿದಿದ್ದ. ನಾಳೆ ಬುಧವಾರ ಬೆಳಗ್ಗೆ ಹೋಗೋದು ಅಂತ ಗಟ್ಟಿ ಮಾಡಿದ್ದ. ನಾನು ಬೇಡ ಅಂದೆ. ನಾನೂ ಜೈಲಿಗೆ ಹೋಗ್ತೀನಲ್ಲ ಮೇಡಂ. ಕಾಲು ಹಿಡಿಯೋಣ ಅಂತ ಹೋಗಿದ್ದೆ, ಕೊಲ್ಲೋಕಲ್ಲ."

"ಸಂದೇಶ ನೋಡಿದಾಗ ಏನನ್ನಿಸ್ತು?"

"ಉರಿದುಹೋಯ್ತು. ನೆಪ ಹೇಳ್ತಾನೆ ಅಂತ."

"ಯಾಕೆ ನೆಪ?"

"ಅವನು ಈಗ ಮೂರರಿಂದ ನಾಲ್ಕೂವರೆ ನೋಡೋದೇ ಇಲ್ಲ. ಅವಳು ಸತ್ತ ಮೇಲೆ ಯಾರೋ ತಿಳಿದವರ ಹತ್ರ ಹೋಗಿ ಲೆಕ್ಕ ಕಲಿತು ಬಂದ. ಅವನ ಬೀರುವಿನಲ್ಲಿ ಹಸಿರು ರಟ್ಟಿನ ಪುಸ್ತಕ ಇದೆ, ನೋಡಿ."

ಅವಳು ತರಿಸಿ ನೋಡಿದಳು. ಪುಟದ ತುಂಬ ಸಣ್ಣಕ್ಷರ. ದಿನದಿನದ ಸೂರ್ಯೋದಯ, ಸೂರ್ಯಾಸ್ತ. ಮಂಗಳವಾರದ ಸಾಲು: ಉದಯ ಐದೂ ಇಪ್ಪತ್ತು, ಅಸ್ತ ಏಳೂ ನಲವತ್ತನಾಲ್ಕು. ಹಗಲನ್ನು ಎಂಟು ಪಾಲು ಮಾಡಿದ್ದ. ಒಂದು ಪಾಲಿಗೆ ಒಂದು ಗಂಟೆ ನಲವತ್ತೆಂಟು ನಿಮಿಷ. ಮಂಗಳವಾರ ರಾಹುವಿನದು ಏಳನೆಯ ಪಾಲು. ನಾಲ್ಕೂ ಎಂಟರಿಂದ ಐದೂ ಐವತ್ತಾರು.

ಕ್ಯಾಲೆಂಡರಿನ ಪಟ್ಟಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನದು. ದೂರದ ಉತ್ತರದ ಈ ಊರಿನ ಬೇಸಿಗೆಯ ಹಗಲು ಅದಕ್ಕಿಂತ ಎಷ್ಟೋ ಉದ್ದ.

ಪುಸ್ತಕದ ಮೊದಲ ಪುಟದಲ್ಲಿ ಎರಡು ವರ್ಷ ಹಿಂದಿನ ಬೇಸಿಗೆಯ ಒಂದೇ ಒಂದು ತಾರೀಕು, ಆ ಹೆಂಗಸು ಸತ್ತ ದಿನ. ಅದರ ಕೆಳಗಿನ ಲೆಕ್ಕವನ್ನು ಪೆನ್ನಿನಿಂದ ಮತ್ತೆ ಮತ್ತೆ ತಿದ್ದಿ ತಿದ್ದಿ ಕಾಗದ ಹರಿದಿತ್ತು.

ಅವಳು ಪುಸ್ತಕ ಮುಚ್ಚಿ ಸಾಕ್ಷ್ಯದ ಚೀಲಕ್ಕೆ ಹಾಕಿದಳು.

* * *

ಸತ್ತ ಹೆಂಗಸಿನ ಗಂಡ ಬಸ್ ಕಂಡಕ್ಟರ್. ಬುಧವಾರ ಬೆಳಗ್ಗೆ ಡಿಪೋದಲ್ಲಿ ಸಿಕ್ಕಿದ. ಮಂಗಳವಾರ ಹನ್ನೆರಡರಿಂದ ಆರರವರೆಗೆ ಬಸ್ಸಿನಲ್ಲೇ ಇದ್ದ. ಡ್ರೈವರ್ ಸಾಕ್ಷಿ, ಪ್ರಯಾಣಿಕರು ಸಾಕ್ಷಿ.

ಇನ್ಸ್‌ಪೆಕ್ಟರ್ ನಿಜ ಮುಚ್ಚಿಡಲಿಲ್ಲ. ವ್ಯಾನ್ ಕೆಟ್ಟಿರಲಿಲ್ಲ ಅಂದಳು. ಯಾಕೆ ನಿಂತಿತ್ತು ಅಂತಲೂ ಹೇಳಿದಳು.

ಅವನು ಟಿಕೆಟ್ ಯಂತ್ರವನ್ನು ಎತ್ತಿ ಗೋಡೆಗೆ ಬಡಿದ. ಅದು ಚೂರಾಯಿತು. ಆಮೇಲೆ ಮುಷ್ಟಿಯಿಂದ ಗೋಡೆಗೆ ಗುದ್ದಿದ. ಗೆಣ್ಣು ಒಡೆದು ರಕ್ತ ಬರುವವರೆಗೆ ಗುದ್ದಿದ. ದಫೇದಾರ ಹಿಂದಿನಿಂದ ತಬ್ಬಿ ಹಿಡಿದ.

"ನಾನು ಕೊಲ್ಲಬೇಕಿತ್ತು," ಅಂದ ಗಂಡ, ಏದುಸಿರು ಬಿಡುತ್ತ. "ಗೊತ್ತಿದ್ದಿದ್ರೆ ಕೊಲ್ತಿದ್ದೆ. ಯಾರೂ ಹೇಳ್ಲಿಲ್ಲ. ಇಡೀ ಕಾರ್ಖಾನೆಯಿಂದ ನಮ್ಮ ಮನೆ ಬಾಗಿಲಿಗೆ ಬಂದವನು ಒಬ್ಬನೇ, ವ್ಯಾನಿನ ಡ್ರೈವರ್. ಬಂದಾಗಲೆಲ್ಲ ಅಳ್ತಾನೆ. ತಪ್ಪಾಯ್ತು ಅಣ್ಣ ಅಂತಾನೆ. ವ್ಯಾನ್ ಕೆಟ್ರೆ ನೀನೇನಪ್ಪ ಮಾಡ್ತೀಯ ಅಂತ ನಾನೇ ಸಮಾಧಾನ ಮಾಡಿ ಕಳಿಸ್ತಿದ್ದೆ."

ಇನ್ಸ್‌ಪೆಕ್ಟರ್ ಎದ್ದು ನಿಂತಳು. "ಈಗ ಅವನೆಲ್ಲಿ ಕೆಲಸ ಮಾಡ್ತಾನೆ?"

"ಕಾರ್ಖಾನೆ ಆಗಲೇ ಬಿಟ್ಟ. ಈಗ ಯಾವುದೋ ಗಾಜಿನ ಗೋದಾಮಿನ ಲಾರಿ ಓಡಿಸ್ತಾನೆ."

* * *

ಕಾರ್ಖಾನೆಯ ಗೇಟಿನ ಪುಸ್ತಕದಲ್ಲಿ ಮಂಗಳವಾರ ಮಧ್ಯಾಹ್ನ ಒಂದೇ ಹೊರಗಿನ ವಾಹನ. ಗಾಜಿನ ಗೋದಾಮಿನ ಲಾರಿ. ಒಳಗೆ ಎರಡೂ ನಲವತ್ತು, ಹೊರಗೆ ಮೂರೂ ಹನ್ನೆರಡು. ಪಕ್ಕದಲ್ಲಿ ಚಾಲಕನ ಸಹಿ. ಇನ್ಸ್‌ಪೆಕ್ಟರ್ ಹಳೆಯ ಫೈಲು ಬಿಚ್ಚಿದಳು. 'ವ್ಯಾನ್ ಸ್ಟಾರ್ಟ್ ಆಗಲಿಲ್ಲ' ಎಂಬ ಹೇಳಿಕೆಯ ಕೆಳಗೂ ಅದೇ ಸಹಿ. ಕೊನೆಯಲ್ಲಿ ಅದೇ ಕೊಕ್ಕೆ.

"ಆದ್ರೆ ಮೇಡಂ," ಅಂದ ದಫೇದಾರ ಜೀಪು ಹತ್ತುತ್ತ, "ಮೂರೂ ಹನ್ನೆರಡಕ್ಕೆ ಹೋದವನು ಮೂರೂ ನಲವತ್ತಕ್ಕೆ ಬದುಕಿದ್ದವನನ್ನ ಹೇಗೆ ಕೊಲ್ತಾನೆ?"

"ಬದುಕಿದ್ದ ಅಂತ ಯಾರು ಹೇಳಿದ್ದು?"

"ಸಂದೇಶ..."

"ಹೆಬ್ಬೆರಳು ನೆನಪಿದೆಯಾ? ಫೋನು ತೆಗೆಯೋಕೆ ಹೆಬ್ಬೆರಳು ಒತ್ತಬೇಕು. ರಕ್ತ ಮೆತ್ತಿದ್ರೆ ಫೋನು ಗುರುತು ಹಿಡಿಯಲ್ಲ. ಅದಕ್ಕೇ ಹೆಬ್ಬೆರಳನ್ನೂ ಫೋನನ್ನೂ ಒರೆಸಿದ. ಸತ್ತವನ ಕೈಯಿಂದಲೇ ಫೋನು ತೆಗೆಸಿ ಉತ್ತರ ಬರೆದ. ಇಷ್ಟು ಗಂಟೆಗೆ ಹೋಗಲಿ ಅಂತ ಮೊದಲೇ ಹೇಳಿಟ್ರೆ ಫೋನು ಆ ಹೊತ್ತಿಗೇ ಕಳಿಸುತ್ತೆ. ಬೆಳಗ್ಗೆ ತಜ್ಞರಿಂದ ವರದಿ ಬಂತು. ಅದು ಹೋಗಿದ್ದು ಮೂರೂ ನಲವತ್ತಕ್ಕೆ. ಬರೆದಿದ್ದು ಮೂರೂ ನಾಲ್ಕಕ್ಕೆ."

"ಅಯ್ಯೋ ನನ್ನ ಕರ್ಮವೇ."

"ಒಂದು ಕಡೆ ಎಡವಿದ. ಯಜಮಾನರಿಗೆ ಮೂರೂ ನಲವತ್ತರಲ್ಲಿ ರಾಹುಕಾಲ ಶುರುವೇ ಆಗಿರ್ಲಿಲ್ಲ. ನಾಲ್ಕೂವರೆ ಅಂದ್ರೆ ಅದರ ನಟ್ಟನಡುವೆ. ಆ ಹೊತ್ತಿಗೆ ಬಾ ಅಂತ ಅವರು ಯಾರಿಗೂ ಹೇಳಲ್ಲ. ಬರೆದವನಿಗೆ ಅವರ ಅಭ್ಯಾಸ ಗೊತ್ತಿತ್ತು, ಆದ್ರೆ ಹಳೇದು ಮಾತ್ರ. ಅಂದ್ರೆ ಎರಡು ವರ್ಷದ ಹಿಂದೆ ಅವರ ಕೈಕೆಳಗಿದ್ದು ಬಿಟ್ಟುಹೋದವನು."

ದಫೇದಾರ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಚಿಕ್ಕ ಯಜಮಾನನಿಗೆ ಸುಮ್ಮನೆ ಕೈ ಮಾಡ್ಬಿಟ್ಟೆ," ಅಂದ.

"ಹೂಂ," ಅಂದಳು ಅವಳು. ಅಷ್ಟೇ.

* * *

ಗೋದಾಮಿನ ಅಂಗಳದಲ್ಲಿ ಡ್ರೈವರ್ ಇನ್ನೊಬ್ಬ ಆಳಿನ ಜೊತೆ ಬಾಗಿಲಗಲದ ಗಾಜು ಹಿಡಿದು ನಿಂತಿದ್ದ. ಗಟ್ಟಿಮುಟ್ಟು ಮೈ. ಮುಖದಲ್ಲಿ ಮಾತ್ರ ನಿದ್ದೆಗೆಟ್ಟು ತಿಂಗಳಾದ ಹಾಗಿನ ಕಳೆ. ಪೊಲೀಸರನ್ನು ಕಂಡ. ಗಾಜು ಬಿಟ್ಟ.

ಗಾಜು ನೆಲಕ್ಕೆ ಬಿದ್ದು ಸಿಡಿಯಿತು. ಆಳು ಮುಖ ಮುಚ್ಚಿಕೊಂಡು ಕುಸಿದ. ಡ್ರೈವರ್ ಮೊಳದುದ್ದದ ಒಂದು ಚೂರು ಹೆಕ್ಕಿದ. ಅಂಗೈಗೆ ಅದು ಇಳಿಯಿತು. ಅವನಿಗೆ ಪರಿವೆಯೇ ಇರಲಿಲ್ಲ.

"ಹತ್ರ ಬರ್ಬೇಡಿ!"

ದಫೇದಾರ ನುಗ್ಗಿದ. ಚೂರು ಅವನ ಮುಂಗೈ ಮೇಲೆ ಗೀರಿತು. ಖಾಕಿ ತೋಳು ಸೀಳಿ ಚರ್ಮ ಬಾಯಿ ಬಿಟ್ಟಿತು. ದಫೇದಾರ ಬೈಯುತ್ತ ಬಿದ್ದ. ಡ್ರೈವರ್ ಚೂರಿನ ತುದಿಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡ. ರಕ್ತದ ಗೆರೆ ಮೂಡಿತು.

ಇನ್ಸ್‌ಪೆಕ್ಟರ್ ಮಾತಾಡಿ ಹೊತ್ತು ಕಳೆಯಲಿಲ್ಲ. ಲಾಠಿ ಬೀಸಿದಳು. ಮೊಣಕೈ ಮೂಳೆ ಲಟಕ್ಕೆಂದಿತು. ಚೂರು ಕೆಳಗೆ ಬಿತ್ತು. ಇನ್ನೊಂದು ಏಟು ಮಂಡಿಯ ಹಿಂದೆ. ಅವನು ಗಾಜಿನ ಚೂರುಗಳ ಮೇಲೇ ಮುಗ್ಗರಿಸಿದ. ನೆಲಕ್ಕೆ ಬಿದ್ದ ದಫೇದಾರ ತೆವಳಿ ಬಂದು ಒಳ್ಳೆ ಕೈಯಲ್ಲಿ ಅವನ ಕೂದಲು ಹಿಡಿದ.

ಲಾರಿಯ ಸೀಟಿನ ಕೆಳಗೆ ಗಾಜು ಎತ್ತುವ ಚರ್ಮದ ಕೈಗವಸು, ಚರ್ಮದ ಮೇಲಂಗಿ ಸಿಕ್ಕವು. ತೊಳೆದಿದ್ದ. ಹೊಲಿಗೆಯ ಸಂದಿಯಲ್ಲಿ ರಕ್ತ ಉಳಿದಿತ್ತು.

ದಫೇದಾರನಿಗೆ ಹನ್ನೊಂದು ಹೊಲಿಗೆ ಬಿದ್ದವು.

* * *

ಮಧ್ಯಾಹ್ನ ಠಾಣೆಯ ಹಿಂದಿನ ಕೋಣೆ. ಡ್ರೈವರನ ಅಂಗೈಗೆ ಕಟ್ಟು, ಅದೇ ತೋಳಿಗೆ ಪಟ್ಟಿ. ಎದುರಿಗೆ ಇನ್ಸ್‌ಪೆಕ್ಟರ್. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಕೊಲ್ಲೋಕೆ ಹೋಗಿರ್ಲಿಲ್ಲ ಮೇಡಂ. ಈ ಎರಡು ವರ್ಷ ಆ ಕಡೆ ತಲೆ ಹಾಕಿರ್ಲಿಲ್ಲ. ನಿನ್ನೆ ಆ ದಾರಿಯ ಡ್ರೈವರಿಗೆ ಹುಷಾರಿರ್ಲಿಲ್ಲ, ನನ್ನ ಕಳಿಸಿದ್ರು. ಸರಕು ಇಳಿಸೋ ಕಡೆ ನಿಂತೆ. ಅದೇ ಜಾಗ. ಅಲ್ಲೇ ವ್ಯಾನ್ ನಿಲ್ಲಿಸಿದ್ದು."

"ಮೇಲೆ ಯಾಕೆ ಹೋದೆ?"

"ಪೆಟ್ಟಿಗೆ ಬಿಚ್ತಾ ಇದ್ದೆ. ಸಲಾಕೆ ಕೈಯಲ್ಲೇ ಇತ್ತು. ಮೆಟ್ಟಿಲು ಹತ್ತಿದೆ. ಅವಳ ಗಂಡನಿಗೆ ನಿಜ ಹೇಳಿ ಸ್ವಾಮಿ, ನಂಗೆ ಬಾಯಿ ಬರ್ತಿಲ್ಲ, ನೀವು ಹೇಳಿ ಅಂತ ಕೇಳ್ಕೊಂಡೆ."

"ಅವರೇನಂದ್ರು?"

"ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ರು. 'ಅವತ್ತು ರಾಹುಕಾಲ ಇರ್ಲೇ ಇಲ್ಲ ಕಣೋ' ಅಂದ್ರು. ಮುಖಕ್ಕೆ ಮುಖ ಕೊಟ್ಟು ಸುಳ್ಳು! ನನ್ನೆದುರಿಗೆ! ಅದೇ ಮನುಷ್ಯ ವ್ಯಾನಿಗೆ ಅಡ್ಡ ನಿಂತು ರಾಹುಕಾಲ ರಾಹುಕಾಲ ಅಂತ ಕೂಗಿದ್ದು ನಾನು ಕೇಳಿದ್ದೀನಿ. ಈಗ ಇರ್ಲೇ ಇಲ್ಲವಂತೆ. ಕಣ್ಣು ಕತ್ತಲೆ ಬಂತು. ಎಷ್ಟು ಹೊಡೆದೆ ಗೊತ್ತಿಲ್ಲ."

"ಹತ್ತೊಂಬತ್ತು."

ಅವನು ತಲೆ ತಗ್ಗಿಸಿದ. "ಆಮೇಲೆ ಹೆದರಿಕೆ ಆಯ್ತು. ಅವರ ಫೋನು ಟಣ್ ಅಂತು. ಮೇಲುಗಡೆ ಚಿಕ್ಕ ಯಜಮಾನರ ಸಂದೇಶ ಕಾಣ್ತಿತ್ತು. ಸುಳ್ಳು ಹೇಳಿಕೆ ಬರೆಸಿ ನನ್ನ ಸಹಿ ಹಾಕಿಸಿದ್ದು ಅವರೇ. ಅನುಭವಿಸಲಿ ಅನ್ನಿಸ್ತು."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಹೇಳಬೇಕೋ ಬೇಡವೋ ಅಂತ ಒಂದು ಕ್ಷಣ ಅವಳಿಗೂ ತೋಚಲಿಲ್ಲ. ಆದರೆ ನ್ಯಾಯಾಲಯದಲ್ಲಿ ಹೇಗೂ ಓದುತ್ತಾರೆ. ಹಸಿರು ಪುಸ್ತಕದ ಮೊದಲ ಪುಟ ತೆಗೆದು ಅವನ ಮುಂದಿಟ್ಟಳು.

"ಅವರು ಸುಳ್ಳು ಹೇಳ್ಲಿಲ್ಲ. ಕ್ಯಾಲೆಂಡರಿನ ಹೊತ್ತು ಈ ಊರಿಗೆ ಹೊಂದಲ್ಲ ಅಂತ ಅವರಿಗೆ ಆಮೇಲೆ ಗೊತ್ತಾಯ್ತು. ಸೂರ್ಯ ಹುಟ್ಟೋ ಹೊತ್ತು ಹಿಡಿದು ಲೆಕ್ಕ ಹಾಕಿದ್ರು. ಅವತ್ತು ಮೂರೂ ಹತ್ತಕ್ಕೆ, ಅವರದೇ ಶಾಸ್ತ್ರದ ಪ್ರಕಾರ, ಏನೂ ಕೆಟ್ಟದ್ದಿರ್ಲಿಲ್ಲ. ಅದನ್ನೇ ನಿಂಗೆ ಹೇಳೋಕೆ ಬಂದ್ರು. ತಪ್ಪೊಪ್ಪಿಕೊಳ್ತಾ ಇದ್ರು ಕಣಪ್ಪ. ಇವತ್ತು ಬೆಳಗ್ಗೆ ಇಲ್ಲಿಗೆ ಬರೋರಿದ್ರು."

ಡ್ರೈವರ್ ಪುಟ ನೋಡಿದ. ತುಟಿ ಅಲುಗಿಸುತ್ತ ಅಂಕಿಗಳನ್ನು ಓದಿದ. ಮತ್ತೆ ಓದಿದ.

"ಹಾಗಾದ್ರೆ ನಾವು ನಾಲ್ಕೂವರೆಗೆ ಹೊರಟಿದ್ದು..."

"ರಾಹುಕಾಲ ಶುರುವಾಗಿ ಇಪ್ಪತ್ತು ನಿಮಿಷ ಆದ ಮೇಲೆ."

ಅವನು ಹಣೆಯನ್ನು ಮೇಜಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮೂರನೆಯ ಸಲಕ್ಕೆ ಬಾಗಿಲಲ್ಲಿದ್ದ ಪೇದೆಗಳು ಬಂದು ಹಿಡಿದರು. ಹುಬ್ಬಿನಿಂದ ರಕ್ತ ಇಳಿದು ಪುಸ್ತಕದ ಮೇಲೆ ತೊಟ್ಟಿಕ್ಕಿತು. ಇನ್ಸ್‌ಪೆಕ್ಟರ್ ಪುಸ್ತಕ ಎಳೆದುಕೊಂಡಳು. ತನ್ನ ಕರವಸ್ತ್ರವನ್ನು ಅವನ ಹಣೆಗೆ ಒತ್ತಿದಳು.

ಅವನು ಮೆಲ್ಲಗೆ ಮಾತಾಡಿದ.

"ಅವಳಿಗೆ ಕಣ್ಣು ಮಂಜಾಗಿತ್ತು ಮೇಡಂ. ನಿಂತಿದ್ದೀವೋ ಹೋಗ್ತಿದ್ದೀವೋ ತಿಳೀತಿರ್ಲಿಲ್ಲ. 'ಹೊರಟ್ವಾ ಅಣ್ಣಾ' ಅಂತ ಕೇಳಿದಳು. ನಾನು ಎಂಜಿನ್ ಹಾಕಿದೆ. ಗೇರ್ ಹಾಕ್ಲಿಲ್ಲ. ವ್ಯಾನ್ ಸುಮ್ಮನೆ ಅಲ್ಲಾಡ್ತಿತ್ತು. 'ಹೊರಟ್ವಮ್ಮಾ' ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು, 'ಇನ್ನೆಷ್ಟು ದೂರ ಅಣ್ಣಾ?'"

"ನೀನೇನಂದೆ?"

"ಬಂದ್ಬಿಟ್ವಿ ಅಂದೆ."